ಕುರಿಯ ನಡಿಗೆ ತಿದ್ದುವ ಈರಕ್ಕ

ಎಡ ಮಂಡಿ ಮುಂದೆ ಬರುತ್ತದೆ. ಅದರ ಬೆನ್ನಿಗೇ ಎಡ ಅಂಗೈ ನೆಲ ಬಿಡುತ್ತದೆ. ಆಮೇಲೆ ಬಲ ಮಂಡಿ, ಬಲ ಅಂಗೈ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಐವತ್ತೆಂಟರ ಈರಕ್ಕ ಕುರಿರೊಪ್ಪದೊಳಗೆ, ಹಿಕ್ಕೆಯ ನೆಲದ ಮೇಲೆ, ಕುರಿಯಾಗಿ ನಡೆಯುತ್ತಿದ್ದಾರೆ. ನಿಜವಾದ ಕುರಿಗಳು ಮೆಲುಕು ನಿಲ್ಲಿಸಿ ನೋಡುತ್ತಿವೆ.

"ನೋಡ್ದೇನಮ್ಮ? ಹಿಂದ್ಲ ಕಾಲು ಬಂದ್ಮೇಲೆ ಮುಂದ್ಲದು ಏಳ್ತೈತೆ. ನಿನ್ ಕುರಿ ನಡೀತಿಲ್ಲ, ನಾಯಿ ಕಂಡು ಓಡ್ತೈತೆ."

ಫೋನು ಹಿಡಿದು ಕೂತ ಜೈಬಾಗೆ ನಗು ತಡೆಯಲಾಗುತ್ತಿಲ್ಲ. ಶಿರಾದ ದರ್ಜಿ ಶಫೀವುಲ್ಲಾ ಅವರ ಮಗಳು, ವಯಸ್ಸು ಇಪ್ಪತ್ತು. ಕಾಲೇಜಿಲ್ಲ, ಮೇಷ್ಟ್ರಿಲ್ಲ. ಫೋನಿನಲ್ಲಿ ಸಿಗುವ ಪಾಠ ನೋಡಿ ಒಬ್ಬಳೇ ಅನಿಮೇಷನ್ ಕಲಿಯುತ್ತಿದ್ದಾಳೆ. ಮನೆಯಿಂದಲೇ ಮಾಡುವ ಕೆಲಸಕ್ಕೆ ಸ್ಟುಡಿಯೊವೊಂದು ಪರೀಕ್ಷೆ ಇಟ್ಟಿದೆ: ಚಿತ್ರದ ಕುರಿಯೊಂದನ್ನು ನಾಲ್ಕು ಸೆಕೆಂಡು ನಡೆಸಬೇಕು, ಇವತ್ತು ಬೆಳಿಗ್ಗೆ ಒಂಬತ್ತರೊಳಗೆ ಕಳಿಸಬೇಕು. ಎರಡು ಕಡೆ ಆಗಲೇ ನಪಾಸು. ಇದೂ ಕೈತಪ್ಪಿದರೆ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂರುವುದಾಗಿ ಅಬ್ಬಾಗೆ ಮಾತು ಕೊಟ್ಟಿದ್ದಾಳೆ. ಅದಕ್ಕೇ ಮೊದಲ ಬಸ್ಸಿಗೆ ಈರಕ್ಕನ ಊರು ಬುಕ್ಕಾಪಟ್ಟಣಕ್ಕೆ ಬಂದಿದ್ದಾಳೆ.

ಇಬ್ಬರ ಪರಿಚಯವಾದದ್ದು ಎರಡು ವರ್ಷದ ಹಿಂದೆ. ಬಕ್ರೀದ್‌ಗೆ ಕುರಿ ನೋಡಲು ತಾಯಿ ಖಾಜಾಬಿಯೊಂದಿಗೆ ಬಂದವಳು, ತಾನು ಚಿತ್ರ ಬರೆದು ನಡೆಸಿದ ಕುರಿಯನ್ನು ಫೋನಿನಲ್ಲಿ ತೋರಿಸಿದಳು. ಈರಕ್ಕ ಒಂದೇ ಸಲ ನೋಡಿ, "ಎಡಗಾಲ ಗೊರಸ್ನಾಗೆ ಮುಳ್ಳೈತೆ" ಅಂದುಬಿಟ್ಟರು. ಮನೆಗೆ ಹೋಗಿ ಒಂದೊಂದೇ ಚಿತ್ರ ತಿರುವಿದರೆ, ಎಡಗಾಲಿನ ಒಂದು ಚಿತ್ರ ಬಿಟ್ಟುಹೋಗಿತ್ತು. ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲದ ಒಂದು ಚಿತ್ರ!

ಈಗ ಮಧುಗಿರಿ, ಕೊರಟಗೆರೆ, ಪಾವಗಡದಿಂದಲೂ ವಿಡಿಯೊ ಬರುತ್ತವೆ. ಜೈಬಾಳಂತೆ ಅನಿಮೇಷನ್ ಕಲಿಯುವವರು ಒಟ್ಟು ಒಂಬತ್ತು ಮಂದಿ, ಒಬ್ಬರ ಮುಖ ಒಬ್ಬರು ಕಂಡಿಲ್ಲ. ಅರವತ್ತೆರಡು ಕುರಿ ಎಣಿಸಿ ಹೊರಬಿಡುವ ಮೊದಲು ಈರಕ್ಕ ದಿನಕ್ಕೆ ಆರೇಳು ವಿಡಿಯೊ ನೋಡುತ್ತಾರೆ. ಓದು ಬರಹ ಬಾರದು, ಉತ್ತರವೆಲ್ಲ ದನಿಯಲ್ಲೇ. ಪಾವಗಡದ ಚಿಕ್ಕರಾಜುಗೆ, ಅವನ ತೆಲುಗು ಬೆರೆಸಿ, ಇವತ್ತಿನ ತೀರ್ಪು: "ನೀ ಮೇಕ ನಡವಲೇದು ಕಣ್ಲಾ, ಮೇಕೆ ನಡೀತಿಲ್ಲ, ಗಾಳಿಪಟದಂಗೆ ತೇಲ್ತೈತೆ. ತೂಕ ಎಲ್ಲಿಕ್ಕಿದ್ದೀಯ?"

ಈ ಕಣ್ಣು ಸುಮ್ಮನೆ ಬಂದದ್ದಲ್ಲ. ಗಂಡ ತೀರಿಕೊಂಡ ವರ್ಷವೇ ಕಾಲುಬಾಯಿ ಜ್ವರಕ್ಕೆ ನಲವತ್ತು ಕುರಿ ಹೋದವು. "ಕುಂಟೋದ್ನ ಮೊದ್ಲೇ ಕಂಡಿದ್ರೆ ಒಂದಷ್ಟಾದ್ರೂ ಉಳೀತಿದ್ವು. ಅವತ್ತಿಂದ ಮಕ ನೋಡಾಕಿಲ್ಲ, ಕಾಲೇ ನೋಡೋದು. ಮನುಸರದ್ದೂ ಅಷ್ಟೇಯ" ಎನ್ನುತ್ತಾರೆ.

ಎಂಟೂಕಾಲು. ಜೈಬಾ ಹಿಂಗಾಲು ತಿದ್ದಿ ಮುಗಿಸಿದ್ದಾಳೆ, ಮುಂಗಾಲಿನ ಹನ್ನೆರಡು ಚಿತ್ರ ಬಾಕಿ. ಅವಳ ಬೆರಳು ನಿಲ್ಲುತ್ತದೆ.

"ಅಕ್ಕ, ಪಾಠದಲ್ಲಿ ಒಂದು ಉಪಾಯ ಹೇಳಿದಾರೆ. ಮುಂದೆ ಹುಲ್ಲು ಬರೆದು ಕಾಲು ಮುಚ್ಚಿಬಿಡೋದು. ಐದೇ ನಿಮಿಷ. ಯಾರಿಗೂ ಗೊತ್ತಾಗಲ್ಲ." ಗೀಚಿದ ಹುಲ್ಲನ್ನು ತೋರಿಸಲು ಫೋನನ್ನು ಈರಕ್ಕನ ಕೈಗಿಡುತ್ತಾಳೆ.

"ಈ ಸೀಮೆಯಾಗೆ ಮಂಡಿಯುದ್ದ ಹುಲ್ಲು ಯಾವಾಗ್ ಕಂಡ್ಯಮ್ಮ?"

ಈ ಸಲ ಜೈಬಾ ನಗುವುದಿಲ್ಲ. "ಟೈಮಿಲ್ಲ ಅಕ್ಕ. ನೀವು ಹ್ಞೂಂ ಅನ್ನಿ, ಕಳಿಸಿಬಿಡ್ತೀನಿ."

ಈರಕ್ಕ ಫೋನನ್ನು ಅವಳ ತೊಡೆಯ ಮೇಲೆ ವಾಪಸಿಡುತ್ತಾರೆ.

"ಬ್ಯಾಡ. ಕಾಲು ಬರಿ."