ಕೊರಳಿನ ಗಂಟು

ಸಂಜೆ ಕುರಿಗಳು ರೊಪ್ಪಕ್ಕೆ ಮರಳಿದಾಗ ಅಪ್ಪ ಬಾಗಿಲಲ್ಲಿ ಕೂತು, ಒಂದೊಂದರ ಗದ್ದದ ಕೆಳಗೂ ಕೈಯಾಡಿಸಿಯೇ ಒಳಗೆ ಬಿಡುತ್ತಿದ್ದ. ಅಲ್ಲಿ ಊತ ಸಿಕ್ಕರೆ ಹೊಟ್ಟೆಯಲ್ಲಿ ಜಂತು ಎಂದರ್ಥ, ಮರುದಿನವೇ ಔಷಧಿ. ಹೋದ ವರ್ಷ ಅವನದೇ ಕೊರಳಿನ ಎಡಬುಡದಲ್ಲಿ ಒಂದು ಗಂಟು ಎದ್ದಿತು. ಪುಣ್ಯಾತ್ಮ ಯಾರಿಗೂ ಹೇಳದೆ ಕುರಿಯ ಔಷಧಿಯನ್ನೇ ಕುಡಿದುಬಿಟ್ಟ.

ಬಾಟಲಿ ನೋಡಿ ನನಗೆ ಮೈಯೆಲ್ಲ ಉರಿಯಿತು. "ನೀನೇನು ಟಗರಾ?" ಎಂದು ಕೂಗಾಡಿದೆ.

"ಕುರಿಗೆ ನಾಟೋದು ನಂಗೆ ನಾಟಾಕಿಲ್ವಾ? ಸುಮ್ಕಿರು ಕಣಮ್ಮ."

ನಾಟಲಿಲ್ಲ. ಪಟ್ಟನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿಸಿ, ಸಿರಾ ದಾಟಿ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ಕೊರಳಿನ ಮಾತೇ ಎತ್ತದೆ, "ಮೂತ್ರ ಸಲೀಸಾಗಿ ಹೋಗುತ್ತಾ ಯಜಮಾನ್ರೇ?" ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿ ತಲೆ ತಗ್ಗಿಸಿದ. ನಾನು ಹೊರಗೆ ಹೋದೆ.

ಮತ್ತೆ ಒಳಗೆ ಕರೆದಾಗ ಗೊತ್ತಾಯಿತು. ಬಹಳ ದಿನದಿಂದ ತೊಂದರೆ ಇತ್ತಂತೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ; ಮಗಳ ಹತ್ತಿರ ಇಂಥದ್ದನ್ನು ಹೇಗೆ ಹೇಳುವುದೆಂದು ನುಂಗಿಕೊಂಡಿದ್ದ. ಕ್ಯಾನ್ಸರ್ ಹುಟ್ಟಿದ್ದು ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟಿನಲ್ಲಿ. ಹೆಚ್ಚಾಗಿ ಮೂಳೆಗೆ ಹಬ್ಬುತ್ತದಂತೆ. ಅಪ್ಪನಿಗೆ ಎಲ್ಲ ಬಿಟ್ಟು ಕೊರಳಿಗೆ ಬಂದಿತ್ತು. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು, ಮತ್ತೆ ಗಂಟು ಕಂಡರೆ ತಡಮಾಡದೆ ಬನ್ನಿ ಎಂದರು.

ಇಂಜೆಕ್ಷನ್ ಶುರುವಾಗಿ ಗಂಟೇನೋ ಕರಗಿತು, ಆದರೆ ಅಪ್ಪ ಸೋತುಹೋದ. ಈಗ ರೊಪ್ಪದ ಬಾಗಿಲಲ್ಲಿ ಕೂರುವವಳು ನಾನು. ಕೊನೆಯ ಕುರಿ ಒಳಗೆ ಹೋದ ಮೇಲೆ ಅಪ್ಪ ನನ್ನ ಮುಂದೆ ಬಂದು ಕೂತು ಗದ್ದ ಎತ್ತುತ್ತಾನೆ. ತಮಾಷೆಗೆ ಶುರುವಾದದ್ದು ರೂಢಿಯಾಗಿದೆ. ದಿನದಲ್ಲಿ ಇದಕ್ಕಿಂತ ಇಷ್ಟದ ಗಳಿಗೆ ನನಗೆ ಬೇರೆ ಇಲ್ಲ.

ಮೊನ್ನೆ ಬೆರಳಿಗೆ ಕಡಲೆಕಾಳಿನಂಥ ಗಟ್ಟಿ ಗಂಟೊಂದು ಸಿಕ್ಕಿತು.

"ಏನಿಲ್ಲ ಕಣಪ್ಪ, ಎದ್ದೇಳು," ಎಂದೆ.

ಅಪ್ಪ ಏಳಲಿಲ್ಲ. "ಸುಳ್ಳು ಹೇಳ್ಬ್ಯಾಡ ಕಣಮ್ಮ. ನಿನ್ ಬೆರಳು ಅಲ್ಲೇ ನಿಂತ್ಬುಡ್ತು."

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲಿನಿಂದ ನನ್ನ ಮುಖ ಒರೆಸಿದ.

"ನಾಳೀಕೆ ತುಮ್ಕೂರಿಗೆ ಹೋಗಾನ. ಈ ಸಲ ಡಾಕ್ಟ್ರು ಏನ್ ಕೇಳುದ್ರೂ ನೀನು ಆಚೆಗೆ ಹೋಗ್ಬ್ಯಾಡ. ನನ್ ಪಕ್ಕದಾಗೇ ಕೂತ್ಕ."