ಕೋಳಿಯಣ್ಣನ ಗೂಡು
ಬೀದಿಗೆಲ್ಲ ಅವನು ಕೋಳಿಯಣ್ಣ. ಹಿತ್ತಲ ಗೂಡಿಗೆ ಹೊಸ ಹೇಂಟೆ ತಂದರೆ ಮೂರು ವಾರ ತಂತಿಜಾಲರಿಯ ಆಚೆಗೇ ಇಟ್ಟು, “ಮೊದ್ಲು ಮುಖಪರಿಚಯ ಆಗ್ಲಿ, ಜಗಳ ಆಮೇಲೆ” ಎನ್ನುತ್ತಿದ್ದ. “ನನ್ನನ್ನ ಮಾತ್ರ ಮೊದಲನೇ ದಿನವೇ ನಿಮ್ಮಮ್ಮನ ಬಾಯಿಗೆ ಕೊಟ್ರಿ” ಎಂದು ಹೆಂಡತಿ ಮೂದಲಿಸುತ್ತಿದ್ದಳು. ಕಾಯಿಲೆ ಬಿದ್ದ ಕೋಳಿಯನ್ನು ಅವನು ಗೂಡಿನಿಂದ ಹೊರಗೆ ತರುತ್ತಿರಲಿಲ್ಲ; ಉಳಿದವಕ್ಕೆ ಕಾಣುವಂತೆ ಅಲ್ಲೇ ಬಿದಿರಬುಟ್ಟಿಯಡಿ ಇಡುತ್ತಿದ್ದ. ಕೊನೆಗೆ ಅವನಿಗೇ ಎದೆನೋವು ಬಂದು, ಆಸ್ಪತ್ರೆಗೆ ಸೇರು ಎಂದು ಬಾಲ್ಯದ ಗೆಳೆಯ ಅಂಗಲಾಚಿದರೆ, ಮಂಚವನ್ನು ನಡುಮನೆಗೆ ಎಳೆಸಿಕೊಂಡು ಮಲಗಿದ. “ಎಂಟು ದಿನ ಕಣ್ಮರೆಯಾದ್ರೆ ಕೋಳಿನ ಅದರ ಗುಂಪೇ ಕುಕ್ಕಿ ಓಡಿಸುತ್ತೆ ಕಣೋ” ಎಂದ. ಗೆಳೆಯನಿಗೆ ನಗು ಬಂತು, ಒತ್ತಾಯ ಅಲ್ಲಿಗೇ ನಿಂತಿತು. ಮೂರನೆಯ ದಿನ ಮನೆಯವರೆಲ್ಲ ಅದೇ ನಡುಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವನು ಹೋದ. ಕೈ ತೊಳೆದು ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ.