ಬಾಣಂತಿಯನ್ನು ಕೇಳಿದ ಪ್ರಶ್ನೆ

೧೯೯೪ರಲ್ಲಿ ನಾನು ಮೈಸೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಮನೋವೈದ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿದ್ದೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ನಮ್ಮ ವಿಭಾಗದಲ್ಲಿ ಇದ್ದದ್ದು ಎರಡು ವಾರದ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿ, ಮಾತ್ರ. ಪ್ರತ್ಯೇಕ ಪರೀಕ್ಷೆಯೂ ಇರಲಿಲ್ಲ. ನಾವು ರೋಗಿಯನ್ನು ಮಾತಾಡಿಸುವಾಗ ಅವರು ಹಿಂದೆ ನಿಂತು ನೋಡುತ್ತಿದ್ದರು. ತಾವೇ ಎದುರು ಕೂತು ಒಬ್ಬ ರೋಗಿಯನ್ನು ಮಾತಾಡಿಸಿದವರು ವಿರಳ.

ನಾಗಮಂಗಲದ ಕಡೆ ಆಗಾಗ ಆರೋಗ್ಯ ಕ್ಯಾಂಪ್ ನಡೆಸುತ್ತಿದ್ದೆವು. ಕೊನೆಯ ಪರೀಕ್ಷೆ ಪಾಸಾಗಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಹೌಸ್ ಸರ್ಜನ್‌ಗಳು ಜೊತೆಗೆ ಬರುತ್ತಿದ್ದರು. ಆ ಸಲ ಬಂದವನು ಪಾಂಡವಪುರದ ಹತ್ತಿರದ ಹಳ್ಳಿಯ ಶಿವಕುಮಾರ. ಮೆಡಿಸಿನ್‌ನಲ್ಲಿ ತರಗತಿಗೇ ಮೊದಲಿಗ.

ಹೊಣಕೆರೆ ಕಡೆಯಿಂದ ಜಯಮ್ಮ ಎಂಬ ಬಾಣಂತಿಯನ್ನು ಅತ್ತೆ ಮತ್ತು ಗಂಡ ಕರೆತಂದಿದ್ದರು. ಮೈಯೆಲ್ಲ ಉರಿ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅತ್ತೆಯ ತೊಡೆಯ ಮೇಲಿದ್ದ ಕೂಸು ಅತ್ತರೂ ಜಯಮ್ಮ ತಿರುಗಿ ನೋಡಲಿಲ್ಲ. ಶಿವಕುಮಾರ ಅವಳ ಕಣ್ಣು, ನಾಲಿಗೆ ನೋಡಿ, ರಕ್ತಹೀನತೆ ಎಂದು ಬರೆದು, ಮಾತ್ರೆಯ ಚೀಟಿ ಹರಿದುಕೊಡುವುದರಲ್ಲಿದ್ದ.

"ಸಾಯಬೇಕು ಅನ್ನಿಸುತ್ತಾ ಅಂತ ಕೇಳಿದೆಯಾ?" ಎಂದೆ, ಅವನನ್ನು ಪಕ್ಕಕ್ಕೆ ಕರೆದು.

"ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ, ಮೇಡಂ?"

ಎಷ್ಟೋ ಹಿರಿಯ ವೈದ್ಯರಿಗೂ ಇದೇ ಭಯವಿತ್ತು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ, ಅಷ್ಟೇ. ಅತ್ತೆಯನ್ನೂ ಗಂಡನನ್ನೂ ಹೊರಗೆ ಕೂರಿಸಿ, ನೀನೇ ಕೇಳಬೇಕು, ನಾನು ಪಕ್ಕದಲ್ಲಿರುತ್ತೇನೆ ಎಂದು ಅವನಿಗೆ ಹೇಳಿದೆ.

"ನಿಮಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ?" ಎಂದ.

ಜಯಮ್ಮ ನೆಲ ನೋಡುತ್ತ ಕೂತಳು. ನಿಮ್ಮ ಮನೆಯಲ್ಲಿ ಮಾತಾಡುವ ಹಾಗೆ ಕೇಳು ಎಂದೆ. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಕ್ಕಾ, ಯಾಕಾದ್ರೂ ಬದುಕಿವ್ನೋ ಅನ್ನುಸ್ತದಾ?"

ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವನು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದಾಗ ಕೈಸನ್ನೆ ಮಾಡಿ ತಡೆದೆ.

"ಅನ್ನುಸ್ತದೆ ಸಾ," ಎಂದಳು ಜಯಮ್ಮ. "ನಾನೊಬ್ಳೇ ವೋದ್ರೆ ಮಗೀಗೆ ಯಾರವ್ರೆ? ಅದ್ನೂ ಜತೇಲೇ ಕರ್ಕೊಂಡೋಗ್ಬುಡಾನ ಅಂತಿವ್ನಿ."

ಶಿವಕುಮಾರ ಮಾತ್ರೆಯ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಹೆರಿಗೆಯ ನಂತರ ಕೆಲವರನ್ನು ಹಿಡಿಯುವ ತೀವ್ರ ಖಿನ್ನತೆ ಅದು. ಅಂದೇ ಮೈಸೂರಿಗೆ ಕರೆದೊಯ್ದು ದಾಖಲು ಮಾಡಬೇಕಿತ್ತು. ಗಂಡ ಒಪ್ಪಲಿಲ್ಲ.

"ಉಚ್ಚರ ಆಸ್ಪತ್ರೆಗೆ ಸೇರ್ಸುದ್ರೆ ಊರ್ನಲ್ಲಿ ತಲೆ ಎತ್ಕೊಂಡ್ ತಿರ್ಗಂಗಿಲ್ಲ ಅಮ್ಮ. ಅಲ್ಲೇ ಯಾವ್ದಾರಾ ದೇವ್ರಿಗೆ ಅರ್ಕೆ ಕಟ್ಕತೀವಿ."

ನಾನು ಹೇಳಿದ ಯಾವ ಮಾತೂ ಅವನಿಗೆ ನಾಟಲಿಲ್ಲ. ಆಗ ಶಿವಕುಮಾರ ಅವನ ಪಕ್ಕ ಬೆಂಚಿನ ಮೇಲೆ ಕೂತ. "ಅಣ್ಣಾ, ನಮ್ಮಕ್ಕಂಗೆ ಇಂಗಾಗಿದ್ರೆ ನಾನು ಇವತ್ತು ಮನೇಗ್ ಕರ್ಕೊಂಡೋಯ್ತಿರ್ನಿಲ್ಲ," ಎಂದ.

ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತರು. "ಏಳ್ಲಾ. ಜನ ಏನಾರ ಅಂದ್ಕಳ್ಳಿ. ನಾನೂ ಬತ್ತೀನಿ."

ವಾರ್ಡಿನಲ್ಲಿ ಆಕೆ ಸೊಸೆಯ ಪಕ್ಕ ಬಿಟ್ಟು ಕದಲಲಿಲ್ಲ. ಔಷಧಿ ಹಿಡಿಯಲು ಸಮಯ ಬೇಕಾಯಿತು. ಜಯಮ್ಮ ಮತ್ತೆ ಸಾವಿನ ಮಾತಾಡಿದಾಗ ನನಗೂ ಧೈರ್ಯ ಕುಗ್ಗಿತು. ಒಂದು ಬೆಳಗ್ಗೆ ಶಿವಕುಮಾರನ ಜೊತೆ ರೌಂಡ್ಸ್‌ಗೆ ಹೋದಾಗ ಅವಳೇ ಮಗುವಿಗೆ ಹಾಲು ಕುಡಿಸುತ್ತಿದ್ದಳು.

ಅದನ್ನು ನೋಡಿ ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ವರಾಂಡಕ್ಕೆ ಬಂದು ಗೋಡೆಗೆ ಒರಗಿ ನಿಂತ. "ಇಷ್ಟು ತಿಂಗಳಲ್ಲಿ ಇಂಥವರನ್ನ ಎಷ್ಟು ಜನರನ್ನ ಬರೀ ಟಾನಿಕ್ ಬರೆದು ಕಳಿಸಿದೀನೋ, ಮೇಡಂ?"

ಮುಂದಿನ ಬ್ಯಾಚಿನಿಂದ ನಮ್ಮ ವಿಭಾಗದಲ್ಲಿ ಒಂದು ನಿಯಮ ಮಾಡಿದೆವು. ವಿದ್ಯಾರ್ಥಿ ನಮ್ಮೆದುರು ರೋಗಿಯ ಜೊತೆ ಕೂತು, ಅವರ ಮಾತಿನಲ್ಲೇ ಸಾವಿನ ಯೋಚನೆಯ ಬಗ್ಗೆ ಕೇಳಿ, ಉತ್ತರಕ್ಕೆ ಕಾಯುವುದನ್ನು ಕಲಿಯುವವರೆಗೆ ಪೋಸ್ಟಿಂಗ್ ಮುಗಿದಂತಲ್ಲ. ಎರಡು ವಾರದಲ್ಲಿ ಇದೆಲ್ಲ ಆಗುವ ಮಾತೇ ಎಂದು ಸಹೋದ್ಯೋಗಿಗಳು ಗೊಣಗಿದರು. ಇಂದು ಇದಕ್ಕೆ ಸಾಮರ್ಥ್ಯ ಆಧಾರಿತ ತರಬೇತಿ ಎಂಬ ಹೆಸರಿದೆ. ನನಗೆ ನನ್ನ ಕೆಲಸ ಕಲಿಸಿದ್ದು ಇಷ್ಟೇ: ವೈದ್ಯನಿಗೆ ಗೊತ್ತಿರುವುದು ರೋಗಿಯ ಎದುರು ಅವನ ಬಾಯಿಂದ ಹೊರಡದಿದ್ದರೆ, ಆ ರೋಗಿಯ ಪಾಲಿಗೆ ಅವನಿಗೇನೂ ಗೊತ್ತಿಲ್ಲ.